ಕಡಲ ಹತ್ತಿರದ ಮನೆಗೆ ಸ್ಲೈಡಿಂಗ್ ಗಾಜಿನ ಬಾಗಿಲು ಹಾಕಿಸಬಹುದಾ?

ಪ್ರಶ್ನೆ:
ಸುರತ್ಕಲ್‌ನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಾಲ್‌ನಿಂದ ಅಂಗಳಕ್ಕೆ 8 ಅಡಿ ಅಗಲದ ಸ್ಲೈಡಿಂಗ್ ಗಾಜಿನ ಬಾಗಿಲು ಇರಲಿ ಅಂತ ಆಸೆ. ಚೌಕಟ್ಟಿಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಒಳ್ಳೆಯದಾ, ಅಲ್ಯೂಮಿನಿಯಮ್ಮಾ? ಬಾಗಿಲು ಪಶ್ಚಿಮಕ್ಕಿದೆ, ಜೂನ್ ಮಳೆ ಗಾಳಿ ಸಮೇತ ಸೀದಾ ಅಲ್ಲಿಗೇ ಹೊಡೆಯುತ್ತದೆ.

ಉತ್ತರ:
ಎರಡೂ ನಡೆಯುತ್ತದೆ. ಉಪ್ಪುಗಾಳಿಗೆ ಮೊದಲು ಹಾಳಾಗುವುದು ರೋಲರ್, ಸ್ಕ್ರೂ, ಲಾಕ್, ಹಾಗಾಗಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಇರಲೇಬೇಕು. ಅದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಗಾರೆ, ಟೈಲ್ಸ್ ಎಲ್ಲ ಮುಗಿದ ಮೇಲೇ ಅಳತೆ ಕೊಡಿ.

ಉತ್ತರ:
ನಮ್ಮದು ಉಡುಪಿ. ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಅದರೊಳಗೆ ಇರುವೆ ಮಣ್ಣು, ಒಣಗಿದ ಎಲೆಚೂರು ಸೇರಿಕೊಂಡರೆ ಮಳೆನೀರು ಟ್ರ್ಯಾಕ್ ತುಂಬಿ ಹಾಲ್‌ಗೇ ಬರುತ್ತದೆ. ಮೇ ಕೊನೆಗೆ ಹಳೆ ಟೂತ್‌ಬ್ರಷ್ ಹಿಡಿದು ಕೂರಬೇಕು, ಬೇರೆ ದಾರಿ ಇಲ್ಲ. ತೆಂಗಿನೆಣ್ಣೆ ಮಾತ್ರ ಸುರಿಯಬೇಡಿ ಮಾರಾಯ್ರೆ, ಧೂಳು ಅಂಟುತ್ತದೆ, ಸಿಲಿಕೋನ್ ಸ್ಪ್ರೇ ಸಾಕು.

ಉತ್ತರ:
ಎರಡು ಕದದ ಸ್ಲೈಡಿಂಗ್ ಅಂದರೆ 8 ಅಡಿಯಲ್ಲಿ ತೆರೆಯುವುದು ಅರ್ಧ ಮಾತ್ರ, ಗೊತ್ತಲ್ವಾ? ಸೊಳ್ಳೆ ಪರದೆಗೆ ಇನ್ನೊಂದು ಟ್ರ್ಯಾಕ್ ಈಗಲೇ ಹೇಳಿಬಿಡಿ. ಸಂಜೆ ಬಿಸಿಲೂ ಜಾಸ್ತಿ ಇರುತ್ತದೆ, ನಾನಾದರೆ ಮೊದಲು ಅಗಲದ ಸಜ್ಜಾ ಹಾಕಿಸುತ್ತಿದ್ದೆ.