ಪದಚರ್ಚೆ: ಹೋಟೆಲಿನ 'ಗೆಸ್ಟ್' ಅತಿಥಿಯೋ, ಗಿರಾಕಿಯೋ?

ಎಲ್ಲರಿಗೂ ನಮಸ್ಕಾರ.

ಗಂಗಾವತಿ ಕಡೆಯ ಕಾಲೇಜೊಂದರಲ್ಲಿ ಪ್ರವಾಸೋದ್ಯಮದ ಪಾಠ ಮಾಡುತ್ತೇನೆ. ನಮ್ಮ ಹುಡುಗರು ಹೊಸಪೇಟೆಯ ಹೋಟೆಲು, ಸಾಣಾಪುರದ ರೆಸಾರ್ಟು ಅಂತ ಕೆಲಸಕ್ಕೆ ಹೋಗುವವರು. ಅವರಿಗಾಗಿ ಫ್ರಂಟ್ ಆಫೀಸ್ (ಬಂದವರನ್ನು ಎದುರುಗೊಂಡು ರೂಮು ಕೊಡುವ ವಿಭಾಗ) ಕೆಲಸದ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. 'ಗೆಸ್ಟ್' ಅನ್ನೋ ಪದದ ಹತ್ತಿರವೇ ಗಾಡಿ ನಿಂತಿದೆ.

ನಮ್ಮ ಕಡೆ ಖಾನಾವಳಿಯಿಂದ ಬಟ್ಟೆ ಅಂಗಡಿವರೆಗೆ ಎಲ್ಲರೂ ಗಿರಾಕಿಗಳೇ. ಅದರಲ್ಲಿ ತಪ್ಪೇನಿಲ್ಲ. ಮೊನ್ನೆ ಅಣಕು ಸಂದರ್ಶನದಲ್ಲಿ, 'ರೂಮು ಇನ್ನೂ ರೆಡಿ ಇಲ್ಲ, ಬಂದವರು ಸಿಟ್ಟಾಗಿದ್ದಾರೆ, ಏನು ಮಾಡ್ತಿ?' ಅಂತ ಕೇಳಿದೆವು. ಹುಡುಗಿ ಥಟ್ಟನೆ, 'ಮೊದಲು ಗಿರಾಕೀನ ಕುಂದರಿಸಿ ನೀರು ಕೊಡ್ತೀನ್ರಿ. ಹೌಸ್‌ಕೀಪಿಂಗಿಗೆ ಫೋನ್ ಹಚ್ಚಿ, ಎಷ್ಟು ಹೊತ್ತು ಬೇಕು ಅಂತ ಕೇಳಿ ಹೇಳ್ತೀನ್ರಿ' ಅಂದಳು. ಉತ್ತರ ಚೊಕ್ಕವಾಗಿತ್ತು. ಪಕ್ಕದಲ್ಲಿ ಕೂತಿದ್ದ ಮೈಸೂರು ಕಡೆಯ ಮೇಡಂ ಮಾತ್ರ 'ಗಿರಾಕಿ' ಕೇಳಿ ನಕ್ಕುಬಿಟ್ಟರು. ಅಲ್ಲಿ 'ಒಳ್ಳೇ ಗಿರಾಕಿ ಕಣಯ್ಯ' ಅಂದರೆ ಧ್ವನಿಯೇ ಬೇರೆ, ಅಲ್ವಾ? ಗ್ರಾಹಕನ ವಂಶದ ಪದಕ್ಕೆ ಈ ಗತಿ!

ಹಾಗಾದರೆ ಅತಿಥಿ ಅನ್ನೋಣವೇ? ತಿಥಿ ತಿಳಿಸದೆ ಬರುವವನು ಅತಿಥಿ ಅಂತ ಹಳಬರು ಬಿಡಿಸುತ್ತಾರೆ. ಹೋಟೆಲಿಗೆ ಬರುವವರಿಗೆ ಬರೋ ತಾರೀಖು, ಹೋಗೋ ತಾರೀಖು ಎರಡೂ ಇರುತ್ತವೆ. ಆ ಲೆಕ್ಕದಲ್ಲಿ ಬುಕಿಂಗ್ ಇಲ್ಲದೆ ಬರೋ 'ವಾಕ್-ಇನ್' ಒಬ್ಬನೇ ಅಸಲಿ ಅತಿಥಿ. ತೈತ್ತಿರೀಯ ಉಪನಿಷತ್ತಿನ 'ಅತಿಥಿ ದೇವೋ ಭವ'ವನ್ನು ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ ಜಾಹೀರಾತಿಗೆ ತಂದಿದ್ದೇನೋ ಸರಿ, ಆದರೆ ದೇವರಿಗೆ ಬಿಲ್ ಕೊಡೋದು ಹೇಗೆ? (ಅತಿಥಿ ಉಪನ್ಯಾಸಕನಾದ ನನಗೆ ಈ ಪದದ ಮೇಲೆ ಸಿಟ್ಟು ಸ್ವಲ್ಪ ಜಾಸ್ತಿ.) ಬೀಗರು ಅಂದರಂತೂ ಮುಗಿದೇ ಹೋಯಿತು.

ನನಗೆ ಹಿಡಿಸಿರೋದು 'ಇಳಿದುಕೊಂಡವರು'. 'ಲಾಡ್ಜಿನಲ್ಲಿ ಇಳಿದುಕೊಂಡಿದ್ದಾರೆ' ಅಂತ ಎಲ್ಲರೂ ಅನ್ನುತ್ತಾರೆ. ಆದರೆ ಫ್ರಂಟ್ ಆಫೀಸಿನಲ್ಲಿ ಬೆಳಗ್ಗೆ ಮೊದಲು ನೋಡೋದೇ ಇವತ್ತು ಬರಬೇಕಾದವರ ಪಟ್ಟಿ. ಅವರಿನ್ನೂ ಇಳಿದುಕೊಂಡಿರೋದಿಲ್ಲ. ಬುಕ್ ಮಾಡಿ ಬಾರದೇ ಹೋದ 'ನೋ-ಶೋ'ಗಳೂ ಇದಕ್ಕೆ ಸಿಗುವುದಿಲ್ಲ.

ರಾಯಚೂರಿನವರನ್ನು ಮುಖ್ಯವಾಗಿ ಕೇಳಬೇಕು. ಮಂತ್ರಾಲಯಕ್ಕೆ ಹೋಗುವವರು ನಿಮ್ಮಲ್ಲಿ ತಂಗುತ್ತಾರಲ್ಲ, ಲಾಡ್ಜಿನ ಮ್ಯಾನೇಜರು, ರೂಂ ಬಾಯ್‌ಗಳು ತಮ್ಮತಮ್ಮಲ್ಲಿ ಮಾತಾಡುವಾಗ ಅವರನ್ನು ಏನಂತಾರೆ? ಬಳ್ಳಾರಿಯಲ್ಲಿ 'ಪಾರ್ಟಿ' ಅನ್ನೋದನ್ನು ಕೇಳಿದ್ದೇನೆ, ಅದು ಕೈಪಿಡಿಗೆ ಒಗ್ಗೋದಿಲ್ಲ. ಇಲ್ಲಾ, ಕೆಲಸದ ಮೊದಲ ದಿನದಿಂದ ಕಿವಿಗೆ ಬೀಳೋದು 'ಗೆಸ್ಟ್' ತಾನೇ, ಸುಮ್ನೆ ಅದನ್ನೇ ಬರೆದುಬಿಡಲೇ?