ಪುಟ್ಟಿಯ ಮದುವೆ ಪತ್ರಿಕೆ: ಅಣ್ಣ ಕೇಳಿದ್ದಕ್ಕೆ ನನ್ನ ಉತ್ತರ

ಅಣ್ಣ, ಅತ್ತಿಗೆ, ಎಲ್ಲರೂ ಕೇಳಿಸಿಕೊಳ್ಳಿ. ಇದು ಉದ್ದವಾಗುತ್ತದೆ, ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ. ನಿನ್ನೆ ರಾತ್ರಿ ಮನೆಯವರ ಮೊಬೈಲ್ ಗುಂಪಿನಲ್ಲಿ ಅಣ್ಣ ಕೇಳಿದ್ದು, ಪತ್ರಿಕೆ ಎಷ್ಟು ಅಚ್ಚು ಹಾಕಿಸೋಣ, ಯಾರಿಗೆ ಮನೆಗೆ ಹೋಗಿ ಕೊಡೋಣ, ಯಾರಿಗೆ ಮೊಬೈಲಿನಲ್ಲಿ ಕಳುಹಿಸೋಣ ಎಂದು. ಅದಕ್ಕೆ ಪುಟ್ಟಿಯ ತಮ್ಮ ಮರಿ, ಅಚ್ಚು ಹಾಕಿಸುವುದೇ ದಂಡ, ಒಂದು ವಿಡಿಯೊ ಮಾಡಿ ಎಲ್ಲರಿಗೂ ಕಳುಹಿಸಿಬಿಡೋಣ ಎಂದ. ಉಳಿದವರೆಲ್ಲ ಒಂದೊಂದು ಹೆಬ್ಬೆರಳು ಒತ್ತಿ ಮಲಗಿದಿರಿ.

ಪಟ್ಟಿ ಮುಗಿಯುವವರೆಗೆ ಯಾರೂ ಪತ್ರಿಕೆಯ ಅಂಗಡಿಯ ಮೆಟ್ಟಿಲು ಹತ್ತಬೇಡಿ. ಅಲ್ಲಿಗೆ ಹೋದರೆ ಮಾತೆಲ್ಲ ಗಣಪತಿಯ ಉಬ್ಬುಚಿತ್ರ, ಬಂಗಾರದ ಅಂಚು, ಒಳಗೆ ಬಾದಾಮಿ ಇಡುವ ಪೆಟ್ಟಿಗೆ ಇವುಗಳ ಸುತ್ತಲೇ ತಿರುಗುತ್ತದೆ. ಯಾರನ್ನು ಕರೆಯಬೇಕೆಂಬುದು ಆಮೇಲೆ, ಗಡಿಬಿಡಿಯಲ್ಲಿ. ಬಿಟ್ಟುಹೋದವರ ಮುನಿಸು ಮಾತ್ರ ಮುಂದಿನ ಮದುವೆಯವರೆಗೂ ಇರುತ್ತದೆ.

ಪಟ್ಟಿಗೆ ಮೊಬೈಲಿನಲ್ಲಿರುವ ಹೆಸರುಗಳನ್ನು ನಂಬಬೇಡಿ. ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಅಣ್ಣನ ಮದುವೆಯ ಮುಯ್ಯಿ ಪುಸ್ತಕವಿದೆ, ಅದನ್ನು ಇಳಿಸಿ. ನಮ್ಮ ಮನೆಯ ಶುಭಕಾರ್ಯಕ್ಕೆ ಯಾವ ಊರಿನಿಂದ ಯಾರು ಬಂದಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಅವರಲ್ಲಿ ಅನೇಕರು ಈಗಿಲ್ಲ, ಅವರ ಮಕ್ಕಳಿದ್ದಾರೆ. ಪ್ರತಿ ಹೆಸರಿನ ಮುಂದೆ ಊರು, ಬರುವ ಮಂದಿ, ಯಾರು ಹೋಗಿ ಕರೆಯಬೇಕು, ಇಷ್ಟು ಬರೆಯಿರಿ. ಪತ್ರಿಕೆ ಮನೆಯ ಲೆಕ್ಕ, ಅಡುಗೆ ಎಲೆಯ ಲೆಕ್ಕ. ಮುನ್ನೂರು ಮನೆಗೆ ಸಾವಿರ ಪತ್ರಿಕೆ ಬೇಡ. ಆದರೆ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ್ದರೆ ಪತ್ರಿಕೆಯೂ ಬೇರೆ ಬೇರೆಯೇ, ಅಲ್ಲಿ ಜಿಪುಣತನ ಬೇಡ. ಐವತ್ತು ಹೆಚ್ಚಿಗೆ ಇರಲಿ. ಆಮೇಲೆ ಸಾಲದೆ ಮತ್ತೆ ಅಚ್ಚಿಗೆ ಹೋದರೆ ಮುದ್ರಣದವನು ಮೊದಲಿನಿಂದ ಸಿದ್ಧತೆ ಮಾಡಬೇಕು, ಆ ಐವತ್ತಕ್ಕೆ ದುಬಾರಿ ಬೆಲೆ ತೆರಬೇಕಾಗುತ್ತದೆ.

ಇಷ್ಟು ಅವಸರ ಮಾಡುವುದಕ್ಕೆ ಕಾರಣವಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ, ಮೇ 17ರಿಂದ ಜೂನ್ 15ರವರೆಗೆ. ಆ ತಿಂಗಳು ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಮುಂದೆ ಆಷಾಢ ಬೇರೆ. ಹೀಗಾಗಿ ಏಪ್ರಿಲ್ ಮತ್ತು ಮೇ ಮೊದಲ ವಾರಗಳ ಮೇಲೆ ಎಲ್ಲರೂ ಮುಗಿಬೀಳುತ್ತಾರೆ. ನಮ್ಮದು ಏಪ್ರಿಲ್ ಕೊನೆಯ ವಾರ. ಅದೇ ಮುಹೂರ್ತಕ್ಕೆ ಇನ್ನೊಂದು ಮನೆಯ ಕರೆ ಮೊದಲು ತಲುಪಿದರೆ ನೆಂಟರು ಅಲ್ಲಿಗೇ ಹೋಗುತ್ತಾರೆ, ಅವರನ್ನು ದೂರುವಂತಿಲ್ಲ. ದೂರದ ಊರಿನವರಿಗೆ ದಿನಾಂಕವನ್ನು ಈಗಲೇ ಫೋನಿನಲ್ಲಿ ಹೇಳಿಡಿ, ಪತ್ರಿಕೆ ಆಮೇಲೆ ಹೋಗಲಿ.

ಒಕ್ಕಣೆಯ ಕರಡನ್ನು ಕಾಗದದ ಮೇಲೆ ತೆಗೆದುಕೊಂಡು ಇಬ್ಬರು ಗಟ್ಟಿಯಾಗಿ ಓದಿ. 2026ರ ಮಾರ್ಚ್ 19ರ ಯುಗಾದಿಗೆ ಸಂವತ್ಸರ ಬದಲಾಗುತ್ತದೆ. ಅಂಗಡಿಯವನ ಹಳೆಯ ಮಾದರಿಯಲ್ಲಿ ವಿಶ್ವಾವಸು ಎಂದಿದ್ದರೆ ನಮ್ಮದಕ್ಕೆ ಪರಾಭವ ಎಂದಾಗಬೇಕು. ನಾವು ಮೊಬೈಲಿನಲ್ಲಿ ಬರೆದು ಕಳುಹಿಸುವುದು ಯೂನಿಕೋಡ್, ಅನೇಕ ಅಚ್ಚುಮನೆಗಳಲ್ಲಿ ಅದನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಿಗೆ ಪರಿವರ್ತಿಸಿಕೊಳ್ಳುತ್ತಾರೆ. ಆಗ ಒತ್ತಕ್ಷರವೂ ಅರ್ಕಾವತ್ತೂ ಎಲ್ಲೆಲ್ಲಿಗೋ ಜಿಗಿಯುತ್ತವೆ. ಬೀಗರ ಹೆಸರಿನಲ್ಲೇ ಅರ್ಕಾವತ್ತು ಇದೆ, ನೆನಪಿರಲಿ. ಛತ್ರದ ದಾರಿ ತೋರಿಸುವ ಕ್ಯೂಆರ್ ಕೋಡ್ ಹಾಕಿಸುವುದಾದರೆ ಅಚ್ಚಾಗುವ ಅಳತೆಯಲ್ಲೇ ಮೊಬೈಲ್ ಹಿಡಿದು ನೋಡಿ.

ಇನ್ನು ಮನೆಗೆ ಹೋಗಿ ಕರೆಯುವುದು. ಮೊದಲ ಪತ್ರಿಕೆ ಮನೆದೇವರ ಮುಂದೆ, ಆಮೇಲೆ ಪುಟ್ಟಿಯ ಸೋದರಮಾವ, ಆಮೇಲೆ ಎರಡೂ ಕಡೆಯ ಹಿರಿಯರು. ಇವರಿಗೆ ವಿಡಿಯೊ ಸಾಲದು. ಅರಿಶಿನ ಕುಂಕುಮ, ಮಂತ್ರಾಕ್ಷತೆ ಹಿಡಿದು ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಕೂತು ಒಂದು ಲೋಟ ಕಾಫಿ ಕುಡಿಯಬೇಕು. ಒಂದು ಮಾತು ನಿಷ್ಠುರವಾಗಿಯೇ ಹೇಳುತ್ತೇನೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನ ಮನೆಗೆ ಕರೆಯಲು ಹೋದವರು ಕುಂಕುಮದ ಬಟ್ಟಲನ್ನು ಚೀಲದೊಳಗೇ ಬಿಟ್ಟು ಬರಿಯ ಪತ್ರಿಕೆ ಕೊಟ್ಟು ಬಂದದ್ದನ್ನು ನಾನು ನೋಡಿದ್ದೇನೆ. ಪುಟ್ಟಿಯನ್ನು ಎತ್ತಿ ಆಡಿಸಿದವರು ಅವರು. ಅವರಿಗೂ ಬಟ್ಟಲು ಒಡ್ಡಿ ಕರೆಯಿರಿ, ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ. ಸುಖಾಗಮನ ಬಯಸುವವರ ಸಾಲಿನಲ್ಲಿ ಅವರ ಹೆಸರು ಇರಲೇಬೇಕು. ಇದಕ್ಕೆ ಯಾರಾದರೂ ಮೂಗು ಮುರಿದರೆ ನನ್ನ ಹೆಸರು ಹೇಳಿ.

ಕಚೇರಿಯವರಿಗೆ, ಸ್ನೇಹಿತರಿಗೆ, ಹೊರದೇಶದವರಿಗೆ ಮೊಬೈಲ್ ಸಾಕು. ಮರಿ, ನೀನು ಅದನ್ನು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಕಳುಹಿಸು. ಮದುವೆ ಪತ್ರಿಕೆಯ ಹೆಸರಿನಲ್ಲಿ ಎಪಿಕೆ ಕಡತ, ಅಂದರೆ ಮೊಬೈಲಿಗೆ ಆ್ಯಪ್ ಹಾಕುವ ಕಡತ, ಕಳುಹಿಸಿ, ಒತ್ತಿದವರ ಮೊಬೈಲಿಗೆ ಕನ್ನ ಹಾಕುವ ಮೋಸದ ಬಗ್ಗೆ 2024ರಲ್ಲೇ ಪೊಲೀಸರು ಎಚ್ಚರಿಸಿದ್ದರು. ಹಿರಿಯರಿಗೆ ಮೊದಲು ಫೋನ್ ಮಾಡಿ, ನಾನೇ ಕಳುಹಿಸುತ್ತಿದ್ದೇನೆ ಎಂದು ಹೇಳು. ಹಾಗೆ ಯಾರಾದರೂ ಹಣ ಕಳೆದುಕೊಂಡರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅಂಚೆಯಲ್ಲಿ ಹೋಗುವವಕ್ಕೆ ಆರಂಕಿಯ ಪಿನ್ ಕೋಡ್ ತಪ್ಪದೆ ಬರೆಯಿರಿ. ಅಂದಹಾಗೆ, ರಿಜಿಸ್ಟರ್ಡ್ ಪೋಸ್ಟ್ 2025ರಲ್ಲೇ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಅಂಚೆ ಕಚೇರಿಯಲ್ಲಿ ಅದನ್ನು ಕೇಳಿ ವಾದ ಮಾಡಬೇಡ ಅಣ್ಣ. ಎರಡು ಪತ್ರಿಕೆಯನ್ನು ಬೀರುವಿನಲ್ಲಿ ಎತ್ತಿಡಿ. ವಿವಾಹ ನೋಂದಣಿಗೆ ಕೇಳುವ ದಾಖಲೆಗಳಲ್ಲಿ ಅದೂ ಇರುತ್ತದೆ.

ಅತ್ತಿಗೆ, ನಿಮ್ಮ ತವರಿನ ಪಟ್ಟಿ ಭಾನುವಾರದೊಳಗೆ ನನಗೆ ಬರಲಿ. ಅಣ್ಣ ತನ್ನ ಕಚೇರಿಯವರ ಪಟ್ಟಿಯನ್ನು ಕೈಯಲ್ಲಿ ಬರೆದು ಫೋಟೊ ಕಳುಹಿಸುವುದು ಬೇಡ, ಅವನ ಅಕ್ಷರ ಅವನಿಗೇ ಓದಲು ಬರುವುದಿಲ್ಲ. ಮರಿಯ ಕೈಯಲ್ಲಿ ಟೈಪ್ ಮಾಡಿಸಿ ಕಳುಹಿಸಿ.