ಡಿಎಸ್‌ಸಿನಲ್ಲಿ 573 ಡಿಗ್ರಿಗೆ ಪೀಕ್ ಇದೆ, ಟಿಜಿಎನಲ್ಲಿ ಏನೂ ಇಲ್ಲ, ಯಾಕೆ?

ತುಮಕೂರು ಎಂಎಸ್ಸಿ:
ಎಲ್ರಿಗೂ ನಮಸ್ಕಾರ, ಪ್ರಾಜೆಕ್ಟ್‌ಗೆ ಮಾಲೂರು ಕಡೆ ಹೆಂಚಿನ ಮಣ್ಣು ತಗೊಂಡಿದೀನಿ. ಟಿಜಿಎ (ಕಾಯಿಸ್ತಾ ತೂಕ ಎಷ್ಟು ಇಳಿಯುತ್ತೆ ನೋಡೋದು), ಡಿಎಸ್‌ಸಿ (ಶಾಖ ಎಷ್ಟು ಎಳ್ಕೊಳ್ಳುತ್ತೆ, ಬಿಡುತ್ತೆ ನೋಡೋದು) ಎರಡೂ ಒಟ್ಟಿಗೆ ಬರೋ ಮಷೀನಲ್ಲಿ ನೈಟ್ರೋಜನ್ ಬಿಟ್ಕೊಂಡು ನಿಮಿಷಕ್ಕೆ 10 ಡಿಗ್ರಿ ಲೆಕ್ಕದಲ್ಲಿ 1000 ತನಕ ಕಾಯಿಸಿದ್ರು. 100ರ ಹತ್ರ ಇಳಿದಿರೋದು ತೇವ, ಅದು ಗೊತ್ತು. 300ರ ಹತ್ರ ಸ್ವಲ್ಪ ಇಳಿದಿದೆ, ಆಮೇಲೆ 450ರಿಂದ 600ರೊಳಗೆ ಶೇ. 5.6 ಹೋಗಿದೆ. ಆದ್ರೆ 573ಕ್ಕೆ ಡಿಎಸ್‌ಸಿನಲ್ಲಿ ಚೂಪಾಗಿ ಒಂದು ಸಣ್ಣ ಪೀಕ್, ತೂಕದಲ್ಲಿ ಅದಕ್ಕೆ ಅಂತ ಸ್ಟೆಪ್ಪೇ ಇಲ್ಲ. ನಾಯ್ಸ್ ಇರ್ಬೋದಾ?

ಗ್ರಾಫ್ ಗಿರಾಕಿ:
ನಾಯ್ಸ್ ಅಲ್ಲ, ಅದು ಮಣ್ಣಲ್ಲಿರೋ ಮರಳು, ಅಂದ್ರೆ ಕ್ವಾರ್ಟ್ಜ್. 573ಕ್ಕೆ ಆಲ್ಫಾ ರೂಪದಿಂದ ಬೀಟಾ ರೂಪಕ್ಕೆ ತಿರುಗುತ್ತೆ, ಶಾಖ ಎಳ್ಕೊಳ್ಳುತ್ತೆ, ಹೊರಗೆ ಏನೂ ಹೋಗಲ್ಲ, ಹಂಗಾಗಿ ತಕ್ಕಡಿಗೆ ಅದು ಕಾಣೋದೇ ಇಲ್ಲ. ಅನುಮಾನ ಇದ್ರೆ ಅದೇ ಸ್ಯಾಂಪಲ್ ತಣ್ಣಗಾದ ಮೇಲೆ ಇನ್ನೊಂದ್ಸಲ ಕಾಯಿಸಿ, 573 ಮತ್ತೆ ಬರುತ್ತೆ, ನಿಮ್ಮ 450-600ರ ಇಳಿತದ ಜೊತೆ 500ರ ಹತ್ರ ಡಿಎಸ್‌ಸಿನಲ್ಲಿ ಬರೋ ದೊಡ್ಡ ಗುಂಡಿ ಬರಲ್ಲ, ಯಾಕಂದ್ರೆ ಅದು ಕಯೋಲಿನೈಟ್ ಅನ್ನೋ ಜೇಡಿಮಣ್ಣಿನ ಖನಿಜ ತನ್ನ ಹೈಡ್ರಾಕ್ಸಿಲನ್ನ (OH) ನೀರಾಗಿ ಬಿಟ್ಟಿದ್ದು, ಹೋದದ್ದು ಹೋಯ್ತು. ಶುದ್ಧ ಕಯೋಲಿನೈಟ್ ಕಳ್ಕೊಳ್ಳೋದು ಸುಮಾರು ಶೇ. 14, ನಿಮ್ದು 5.6, ಅಂದ್ರೆ ಹೆಚ್ಚು ಅಂದ್ರೆ ಶೇ. 40 ಕಯೋಲಿನೈಟ್. ಅಭ್ರಕದ ಜಾತಿ ಖನಿಜ ಇದ್ರೂ ಅದೇ ಜಾಗದಲ್ಲಿ ನೀರು ಬಿಡುತ್ತೆ, ಎಕ್ಸ್‌ಆರ್‌ಡಿ (ಎಕ್ಸ್‌ರೇ ಬಿಟ್ಟು ಖನಿಜ ಗುರುತಿಸೋ ಪರೀಕ್ಷೆ) ಇಲ್ದೆ ಈ ನಂಬರನ್ನ ಥೀಸಿಸ್‌ಗೆ ಹಾಕ್ಬೇಡಿ.

300ದು ಎರಡರಲ್ಲಿ ಒಂದು. ಕೆಂಪು ಮಣ್ಣಾದ್ರೆ ಗೋಥೈಟ್ ಅನ್ನೋ ಕಬ್ಬಿಣದ ಖನಿಜ ನೀರು ಬಿಡ್ತಿರ್ಬೋದು, ಇಲ್ಲಾ ಬೇರು ಗೊಬ್ಬರ ಥರದ್ದು. ಗಾಳಿನಲ್ಲಿ ಓಡಿಸಿ ನೋಡಿ, ಕಸ ಆದ್ರೆ ಉರಿದು ಶಾಖ ಹೊರಗೆ ಬಿಡುತ್ತೆ, ಗೋಥೈಟ್ ಆದ್ರೆ ಆಗ್ಲೂ ಒಳಗೇ ಎಳ್ಕೊಳ್ಳುತ್ತೆ. ನೈಟ್ರೋಜನಲ್ಲಿ ಇದು ಬಗೆಹರಿಯೋದು ಕಷ್ಟ. ಮಣ್ಣಿಗೆ ಮೊದ್ಲೇ ಗಾಳಿ ಹಾಕ್ಸೋದಲ್ವಾ, ಗೂಡಲ್ಲಿ ಇರೋದೂ ಅದೇ ತಾನೆ!

ಮಾಲೂರು ಹೆಂಚು:
ಗ್ರಾಫ್ ನಂಗೆ ಬರಲ್ಲ ಸಾರ್, ಆದ್ರೆ 573 ಅಂದ್ರೆ ಗೂಡಿನವ್ರಿಗೆ ಚೆನ್ನಾಗಿ ಗೊತ್ತು. ಮರಳು ಆ ಶಾಖದಲ್ಲಿ ಒಂದೇ ಸಲ ಹಿಗ್ಗುತ್ತೆ, ಇಳಿಯುವಾಗ ಕುಗ್ಗುತ್ತೆ, ಅವಸರ ಮಾಡಿ ಗೂಡು ಬಿಚ್ಚಿದ್ರೆ ಕೂದಲೆಳೆ ಬಿರುಕು, ತಟ್ಟಿದ್ರೆ ಠಣ್ ಅನ್ನಲ್ಲ. ಇನ್ನೊಂದು, 700 ದಾಟಿದ ಮೇಲೆ ತೂಕ ಇಳಿದಿದ್ಯಾ? ಸುಣ್ಣದ ಹರಳಿದ್ರೆ ಸುಟ್ಟಾಗ ಚೆನ್ನಾಗೇ ಕಾಣುತ್ತೆ, ಆಮೇಲೆ ಮಳೆ ನೀರು ಕುಡಿದು ಉಬ್ಬಿ ಹೆಂಚಿನ ಮೇಲೆ ಪುಟಪುಟ ಎದ್ದು ಹೋಗುತ್ತೆ.

ತುಮಕೂರು ಎಂಎಸ್ಸಿ:
700ರ ಮೇಲೆ ಗೆರೆ ಹೆಚ್ಚುಕಮ್ಮಿ ಸಪಾಟು ಸಾರ್, ಸುಣ್ಣ ಇದ್ದಂಗಿಲ್ಲ. ಗಾಳಿನಲ್ಲಿ ಒಂದು ರನ್, ಅದನ್ನೇ ತಣ್ಣಗೆ ಮಾಡಿ ಇನ್ನೊಂದು ರನ್, ಎರಡಕ್ಕೂ ಸ್ಲಾಟ್ ಕೇಳ್ತೀನಿ, ಗೈಡ್ ಬೈಯ್ದೇ ಇದ್ರೆ ಸಾಕು.

ಗ್ರಾಫ್ ಗಿರಾಕಿ:
ಅಲ್ಯೂಮಿನಿಯಂ ಪ್ಯಾನ್ ಮಾತ್ರ ಬೇಡ ಅಂತ ಆಪರೇಟರ್‌ಗೆ ಹೇಳಿ, 660ಕ್ಕೆ ಕರಗಿ ಸೆನ್ಸರ್‌ಗೆ ಅಂಟ್ಕೊಳ್ಳುತ್ತೆ. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕ್ರೂಸಿಬಲ್ಲೇ ಇರ್ಲಿ.